ಫ್ಲೆಕ್ಸಿನಲ್ಲಿ ಬರೆಸಿದ ಊರು

ಇದನ್ನು ಬರೆಯಲು ಕೂತು ಮೂರು ಸಲ ಎದ್ದು ಹೋಗಿದ್ದೇನೆ. ಮೊದಲು ಕಣ್ಣಿನ ಆಪರೇಷನ್ ಆಗಲಿ ಎಂದೆ, ಆಮೇಲೆ ಸುಗ್ಗಿ ಮುಗಿಯಲಿ ಎಂದೆ. ಎರಡೂ ಮುಗಿದು ವರ್ಷವಾಯಿತು.

ನಾನು ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ನಲವತ್ತು ವರ್ಷ ಭತ್ತ ತೂಗಿದವನು. ನನ್ನ ಮಗಳು ವಾಯುಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್. ಗಡಿಯಲ್ಲಿ ಯುದ್ಧ ಶುರುವಾದ ವಾರ ಅವಳ ಫೋನ್ ಬಂತು. ಗಾಯಗೊಂಡ ಸೈನಿಕರನ್ನು ಗುಡ್ಡದಿಂದ ಕೆಳಗಿನ ಆಸ್ಪತ್ರೆಗೆ ತರುವ ಕೆಲಸ ಅವಳದು.

“ಹಿಂದ ಅವ್ರು ಮಲಗಿರ್ತಾರಪ್ಪಾ, ತಿರುಗಿ ನೋಡಾಕ ಆಗಂಗಿಲ್ಲ. ಗಾಳಿ ನೋಡಬೇಕು, ಗುಡ್ಡ ನೋಡಬೇಕು.”

“ಎಲ್ಲಿ ಅದೀ ಅಂತನಾದ್ರೂ ಹೇಳು, ನಂಗ ನಿದ್ದಿ ಹತ್ತವಲ್ದು,” ಎಂದು ಗಂಟುಬಿದ್ದೆ. ಅವಳು ಹೇಳುವಂತಿರಲಿಲ್ಲ. ಆದರೂ ಊರಿನ ಹೆಸರು ಹೇಳಿದಳು.

“ನಿನ್ನ ಹೊಟ್ಯಾಗ ಇರ್ಲಿ. ಅವ್ವಗೂ ಹೇಳಬ್ಯಾಡ.”

ಮರುದಿನ ಮಿಲ್ಲಿನ ಎದುರಿನ ಚಹಾದಂಗಡಿಯಲ್ಲಿ ಹಮಾಲನೊಬ್ಬ ಕೇಳಿದ: “ಕಾಕಾ, ಅಲ್ಲಿ ಯುದ್ಧ ನಡದೈತಿ, ನಿಮ್ಮ ಮಗಳು ಇಮಾನದಾಗ ಚಾ ಕೊಡಾಕತ್ಯಾಳೇನ್ರಿ?” ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಹೋದೆ. ನಮ್ಮಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ನಡುವೆ ಒಂದು ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಣ್ಣ ಮುಖಗಳ ಸಾಲು. ಹೆಲಿಕಾಪ್ಟರಿನ ಪಕ್ಕ ಮಗಳು ನಿಂತ ಫೋಟೋ ಕೊಟ್ಟು, ‘ಗಡಿಯಲ್ಲಿ ಹೋರಾಡುತ್ತಿರುವ ನಮ್ಮ ಮಗಳು’ ಎಂದು ಬರೆಸಿದೆ. ಯಾವ ಗಡಿ ಎಂದು ಮತ್ತೆ ನಗುತ್ತಾರೆ ಎನಿಸಿತು. ಅವಳು ಹೇಳಿದ ಊರಿನ ಹೆಸರನ್ನೂ ಹಾಕಿಸಿದೆ. ಕೆಳಗಿನ ಸಾಲಿನಲ್ಲಿ ಮೊದಲ ಮುಖ ನನ್ನದೇ.

ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸಿನ ಫೋಟೋ ಅಂದೇ ಊರವರ ಮೊಬೈಲುಗಳಿಗೆಲ್ಲ ಹೋಯಿತು. ಮೂರನೆಯ ದಿನ ಪೊಲೀಸರು ಬಂದು ಬಿಚ್ಚಿಸಿದರು. ಸಂಜೆ ಮಗಳ ಫೋನ್.

“ಫ್ಲೆಕ್ಸ್ ಯಾರು ಹಾಕಿಸಿದ್ದು?”

“ಮಿಲ್ಲಿನವ್ರು ಹಾಕಿಸ್ಯಾರವ್ವ.”

“ಊರ ಹೆಸ್ರು ಅವ್ರಿಗೆ ಯಾರು ಹೇಳಿದ್ರು?”

ನಾನು ಹಲೋ, ಹಲೋ ಎಂದೆ, ಅವಳ ಮಾತು ಕೇಳಿಸದವನಂತೆ.

ಎರಡು ದಿನದ ನಂತರ ಠಾಣೆಗೆ ಕರೆಸಿದಾಗ ನಿಜ ಬರೆದುಕೊಟ್ಟೆ. ವಾಯುಸೇನೆಯ ವಿಚಾರಣೆ ಮುಗಿಯುವ ತನಕ ಅವಳು ಹಾರುವಂತಿಲ್ಲ ಎಂದು ಅಲ್ಲೇ ತಿಳಿಯಿತು. ವಿಚಾರಣೆ ಮುಗಿಯುವ ಮೊದಲೇ ಯುದ್ಧ ಮುಗಿಯಿತು. ಆಮೇಲೆ ಅವಳಿಗೆ ಮತ್ತೆ ಹೆಲಿಕಾಪ್ಟರ್ ಕೊಟ್ಟರು.

ರಜೆಗೆ ಬಂದಾಗ ಊಟಕ್ಕೆ ಕೂತು ತಾಯಿಗೆ ಹೇಳುತ್ತಿದ್ದಳು: “ಯುದ್ಧದಾಗ ನಾ ಹಾರಿದ್ದು ಬರೇ ಆರ್ ದಿನ ಬೇ. ಮುಂದ ಖೋಲ್ಯಾಗ ಕುಂತು ಉಳಿದೋರು ಹಾರೋ ಸಪ್ಪಳ ಕೇಳಿದೆ. ನನ್ನ ಪಾಳಿನೂ ಅವ್ರೇ ಮಾಡಿದ್ರು.”

ನನ್ನ ಕಡೆ ನೋಡಲಿಲ್ಲ. ನಾನು ಇನ್ನಷ್ಟು ಪಲ್ಯ ಹಾಕಿಸಿಕೊಂಡೆ.

ಇನ್‌ಸ್ಪೆಕ್ಟರಿಗೆ ಕೈಮುಗಿದಿದ್ದೇನೆ. ನಾನು ಸುಳ್ಳಿನಲ್ಲಿ ಎಳೆದುತಂದ ಮಿಲ್ಲಿನವರಿಗೆ, ಠಾಣೆಗೆ ಅಲೆದ ಫ್ಲೆಕ್ಸ್ ಅಂಗಡಿಯವನಿಗೆ ತಪ್ಪಾಯಿತು ಎಂದಿದ್ದೇನೆ. ಆ ಮಾತು ಹೇಳದೆ ಉಳಿಸಿಕೊಂಡಿರುವುದು ಒಬ್ಬಳಿಗೆ, ನನ್ನ ಮಗಳಿಗೆ.