ಮರುಳಸಿದ್ದಮ್ಮನ ನಾಲ್ಕು ಬೆರಳ ತುಂಡು

ಕಂಪ್ಲಿಯ ಕೋಟೆ ಓಣಿಯಲ್ಲಿ ಕೋಳಿಗಳು ಇನ್ನೂ ಕೂಗುತ್ತಿವೆ. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿದೆ. ಹಿತ್ತಲ ಬಾಗಿಲಿನ ಹೊಸ್ತಿಲ ಪಕ್ಕ, ಬೆಳಕು ಮೊದಲು ಬಂದು ಬೀಳುವ ಜಾಗದಲ್ಲಿ, ಮರುಳಸಿದ್ದಮ್ಮ ಕಾಲು ಚಾಚಿ ಕುಳಿತಿದ್ದಾರೆ. ಮಡಿಲಲ್ಲಿ ಹಸಿರು ಖಣದ ಹೊಸ ಕುಬುಸ. ಕೊನೆಯ ನಾಲ್ಕು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಒಳಗೆ ಹೋಗಿ ಅದನ್ನು ತೊಟ್ಟು ಬರುತ್ತಾರೆ. ಬಂದವರೇ ಎರಡೂ ಕೈಗಳನ್ನು ನೆಟ್ಟಗೆ ಮೇಲಕ್ಕೆತ್ತುತ್ತಾರೆ, ತುಂಬಿದ ಕೊಡವನ್ನು ತಲೆಗೇರಿಸುವ ಹಾಗೆ. ಕುಬುಸ ಎಲ್ಲೂ ಜಗ್ಗುವುದಿಲ್ಲ, ಮೇಲಕ್ಕೂ ಸರಿಯುವುದಿಲ್ಲ.

"ನೋಡಿದ್ರ್ಯಾ? ಇಷ್ಟ ನಮ್ಮ ವಿದ್ಯಾ," ಎಂದು, ಇದನ್ನು ಬರೆಯಲು ಬಂದ ನನಗೆ ಹೇಳಿ ಕೈ ಇಳಿಸುತ್ತಾರೆ.

ಈ ಕುಬುಸ ಇವತ್ತು ಮೊದಲನೆಯ ಬಸ್ಸಿಗೆ ಹೊಸಪೇಟೆಗೆ ಹೋಗಬೇಕು. ಅಲ್ಲಿ ಕೈಗಾರಿಕಾ ಪ್ರದರ್ಶನ ನಡೆದಿದೆ. ಹೋದ ವರ್ಷ ಅದೇ ಪ್ರದರ್ಶನದಲ್ಲಿ ಮರುಳಸಿದ್ದಮ್ಮ ಕಂಡುಹಿಡಿದ ಒಂದು ಹೊಲಿಗೆಗೆ ಬೆಳ್ಳಿ ಪದಕ ಬಂತು. ಪದಕ ಹೋದದ್ದು ಮಾತ್ರ ಕಂಪ್ಲಿ ಪೇಟೆಯ ದರ್ಜಿ ತೋಟಪ್ಪನವರ ಎದೆಗೆ. ಅದಕ್ಕೆ 'ತೋಟಪ್ಪ ಕಟ್' ಎಂಬ ಹೆಸರೂ ಆಯಿತು. ಈ ಸಲ ತಾನೇ ಹೋಗಿ, ತನ್ನ ಕುಬುಸವನ್ನು ಮೇಜಿನ ಮೇಲಿಟ್ಟು, ಇದು ನನ್ನದು ಎಂದು ನಾಲ್ಕು ಜನರ ಮುಂದೆ ಹೇಳಬೇಕೆಂಬುದು ಅವರ ಹಟ. ಅದಕ್ಕೆಂದೇ ಮೂರು ಬೆಳಗು ಕೂತು ಇದನ್ನು ಹೊಲಿದಿದ್ದಾರೆ.

ಮರುಳಸಿದ್ದಮ್ಮನವರಿಗೆ ನಲವತ್ತೆರಡು ವರ್ಷ. ಗಂಡ ಕೊಟ್ರಬಸಪ್ಪನವರದು ಬೆಲ್ಲದ ಅಂಗಡಿ. ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ. ಹೊಟ್ಟೆಪಾಡಿಗಾಗಿ ಸೂಜಿ ಹಿಡಿದವರಲ್ಲ ಇವರು. ತಮ್ಮ ಬಟ್ಟೆ ತಾವು ಹೊಲಿದುಕೊಳ್ಳುವ ಗೀಳು ಹತ್ತಿಸಿಕೊಂಡವರು. ಯಾರಿಂದಲೂ ಒಂದು ಕಾಸು ಮುಟ್ಟಿಲ್ಲ. ಅದೇ ಇವರ ಅಪರಾಧವಾಯಿತು ನೋಡಿ. ಕಾಸು ತೆಗೆದುಕೊಂಡಿದ್ದರೆ ಕಸುಬು ಎನ್ನುತ್ತಿದ್ದರು. ತೆಗೆದುಕೊಳ್ಳಲಿಲ್ಲವಾದ್ದರಿಂದ ಅದು 'ಕೆಲಸವಿಲ್ಲದವರ ಕೆಲಸ'. ಓಣಿಯ ಹಿರಿಯರಿಂದ ಹಿಡಿದು ಸ್ವಂತ ಗಂಡನವರೆಗೆ ಎಲ್ಲರೂ ಹಾಗೆಂದೇ ಮೂಗು ಮುರಿದವರು.

ಈ ಗೀಳು ಹುಟ್ಟಿದ್ದೂ ಸಿಟ್ಟಿನಲ್ಲೇ. ಹನ್ನೊಂದು ವರ್ಷದ ಹಿಂದಿನ ಮಾತು. ಕಂಪ್ಲಿಯ ಹೆಂಗಸರ ಕುಬುಸಗಳೆಲ್ಲ ಆಗ ತೋಟಪ್ಪನವರ ಅಂಗಡಿಯಲ್ಲೇ ಆಗಬೇಕು. ಗಂಡಸಾದ ದರ್ಜಿ ಹೆಂಗಸರ ಮೈ ಅಳೆಯುವಂತಿಲ್ಲ. ಆದ್ದರಿಂದ ಹೊಸ ಖಣದ ಜೊತೆಗೆ ಹಳೆಯ ಕುಬುಸವೊಂದನ್ನು ಗಂಟು ಕಟ್ಟಿ ಕಳಿಸುವುದು ಪದ್ಧತಿ. ಅಳತೆ ಕುಬುಸ ಎಂದೇ ಅದಕ್ಕೆ ಹೆಸರು. ದರ್ಜಿ ಅದನ್ನು ಮುಂದಿಟ್ಟುಕೊಂಡು ಇದ್ದದ್ದು ಇದ್ದ ಹಾಗೆ ಹೊಲಿದು ಕೊಡುತ್ತಾರೆ. ಹಳೆಯದರಲ್ಲಿ ಏನು ತಪ್ಪಿತ್ತೋ ಹೊಸದರಲ್ಲೂ ಅದೇ ತಪ್ಪು. ಹದಿನಾರರ ವಯಸ್ಸಿಗೆ ಹೊಲಿಸಿದ್ದನ್ನೇ ಮೂರು ಹೆತ್ತ ಮೈಯೂ ತೊಡಬೇಕು.

ಒಂದು ದಿನ ಹೊಳೆಯ ದಂಡೆಯಲ್ಲಿ ಕೊಡ ಎತ್ತುವಾಗ ಮರುಳಸಿದ್ದಮ್ಮನವರ ಕುಬುಸ ಕಂಕುಳಿನಿಂದ ಪಕ್ಕೆಯವರೆಗೆ ಪರ್ರೆಂದು ಹರಿಯಿತು. ಹರಿಗೋಲಿನ ತುಂಬ ಜನ. ಸೆರಗು ಸುತ್ತಿಕೊಂಡು ಮನೆ ಸೇರುವಷ್ಟರಲ್ಲಿ ಜೀವ ಹಿಡಿಯಷ್ಟಾಗಿತ್ತಂತೆ. ಗಂಡನ ಕೈಯಲ್ಲಿ ಹೇಳಿ ಕಳಿಸಿದ್ದಕ್ಕೆ ತೋಟಪ್ಪನವರಿಂದ ಬಂದ ಉತ್ತರ ಇದು: "ಅಮ್ಮಾರು ಮೈ ತುಂಬ್ಯಾರ. ಅದಕ್ಕ ನಾನೇನು ಮಾಡ್ಲಿ?" ಕೊಟ್ರಬಸಪ್ಪ ಇದನ್ನು ಮನೆಗೆ ಬಂದು ನಗುತ್ತ ಹೇಳಿದರು.

"ನನಗ ಹರಿದದ್ದಕ್ಕ ಸಿಟ್ಟು ಬರ್ಲಿಲ್ರಿ. ಇವರು ನಕ್ಕದ್ದಕ್ಕ ಬಂತು," ಎನ್ನುತ್ತಾರೆ ಮರುಳಸಿದ್ದಮ್ಮ. "ಕೈ ಎತ್ತಿದ್ರ ಹರಿಯೂ ಅಂಗಿ ಗಂಡಸ್ರು ಒಂದಿನ ತೊಟ್ಟಾರೇನು? ನಾವು ನೀರು ತರಬೇಕು, ಕುಟ್ಟಬೇಕು, ಬೀಸಬೇಕು. ಕೈ ಎತ್ತದ ಕೆಲಸ ನಮಗ ಯಾವುದೈತಿ?"

ಆ ಹರಿದ ಕುಬುಸವನ್ನು ಜಾಲಿಮುಳ್ಳಿನಿಂದ ಒಂದೊಂದೇ ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿದರು. ನೋಡಿದರೆ, ಕೊಟ್ಟ ಖಣದಷ್ಟು ಬಟ್ಟೆ ಅಲ್ಲಿಲ್ಲ. ಅಂಗೈ ಅಗಲದ ತುಂಡುಗಳು ಮಾಯವಾಗಿವೆ. ಎಲ್ಲಿ ಹೋದವು ಎಂದು ಯೋಚಿಸುತ್ತ ಪೇಟೆಗೆ ಹೋದಾಗ ಗೊತ್ತಾಯಿತು. ಆ ತುಂಡುಗಳೆಲ್ಲ ಕೂಸಿನ ಕುಲಾವಿಗಳಾಗಿ ತೋಟಪ್ಪನವರ ಅಂಗಡಿಯ ಮುಂದೆ ಮಾರಾಟಕ್ಕೆ ತೂಗುತ್ತಿದ್ದವು. ಊರ ಹೆಂಗಸರ ಕಂಕುಳಿಗೆ ಸಲ್ಲಬೇಕಾದ ಬಟ್ಟೆ ಅದು. ಕೇಳಿದವರು ಯಾರೂ ಇರಲಿಲ್ಲ.

ಮುಂದಿನ ಖಣವನ್ನು ಅವರು ಅಂಗಡಿಗೆ ಕಳಿಸಲೇ ಇಲ್ಲ. ತಾವೇ ಕತ್ತರಿಸಿದರು. ಉಳಿದ ಬಟ್ಟೆಯಲ್ಲಿ ನಾಲ್ಕು ಬೆರಳ ಅಗಲದ ಚೌಕ ತುಂಡು ತೆಗೆದು, ತೋಳು ಮೈಗೆ ಸೇರುವ ಕಡೆ, ಕಂಕುಳಲ್ಲಿ ಸೇರಿಸಿ ಹೊಲಿದರು. ಕೈ ಎತ್ತಿದರೆ ಆ ತುಂಡು ಬಿಚ್ಚಿಕೊಂಡು ಜಾಗ ಕೊಡಬೇಕು, ಇದು ಅವರ ಉಪಾಯ. ಹರಿಯುವುದೇನೋ ನಿಂತಿತು. ಆದರೆ ಚೌಕದ ನೆಟ್ಟನೆಯ ಅಂಚು ಹಗ್ಗದ ಹಾಗೆ ಗಟ್ಟಿಯಾಗಿ ಕಂಕುಳನ್ನು ಕೊರೆಯತೊಡಗಿತು. ಚರ್ಮ ಕೆಂಪಾಗಿ ಉರಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹಂಪಮ್ಮನೂ ಅದನ್ನು ನೋಡಿ ಕಲಿತು ತನಗೊಂದು ಹೊಲಿದುಕೊಂಡಾಗಿತ್ತು.

ದಾರಿ ತೋರಿಸಿದ್ದು ಅಡುಗೆಮನೆ. ಹಬ್ಬಕ್ಕೆ ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿಯುವಾಗ ಅದನ್ನು ಮೂಲೆಯಿಂದ ಮೂಲೆಗೆ ಎಳೆದರು. ಬಟ್ಟೆ ಹಿಗ್ಗಿತು. ಉದ್ದಕ್ಕೆ ಎಳೆದರು, ಜಪ್ಪಯ್ಯ ಎಂದರೂ ಹಿಗ್ಗಲಿಲ್ಲ. ಹಿಟ್ಟನ್ನು ಅಲ್ಲೇ ಬಿಟ್ಟು ಎದ್ದರಂತೆ. ಚೌಕ ತುಂಡನ್ನು ನೆಟ್ಟಗೆ ಹಚ್ಚುವುದಲ್ಲ, ಓರೆಯಾಗಿ ಕತ್ತರಿಸಿ ಹಚ್ಚಬೇಕು. ಆಗ ಅದು ಕೈಯ ಜೊತೆಗೇ ಹಿಗ್ಗಿ, ಕೈಯ ಜೊತೆಗೇ ಕುಗ್ಗುತ್ತದೆ. ಯಾವ ಶಾಲೆಯೂ ಹೇಳಿಕೊಡದ ಪಾಠ ಇದು, ಅಕ್ಷರ ಬಾರದ ಹೆಣ್ಣುಮಗಳೊಬ್ಬಳು ಹಿಟ್ಟಿನ ಕೈಯಲ್ಲಿ ಕಲಿತದ್ದು.

ಅಂದಿನಿಂದ ಈ ಮನೆಯ ಪಡಸಾಲೆ ಮಧ್ಯಾಹ್ನದ ಹೊತ್ತು ಖಾಲಿ ಇದ್ದದ್ದಿಲ್ಲ. ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಮೇಸ್ತ್ರಿಯಾಗಿರುವ ಅಣ್ಣ ಕೊಡಿಸಿದ, ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರವೊಂದು ಮೂಲೆಯಲ್ಲಿದೆ. ಗೋಡೆಯ ಗೂಟಕ್ಕೆ ನಲವತ್ತಮೂರು ದಾರಗಳು ತೂಗುತ್ತಿವೆ. ಒಂದೊಂದು ದಾರವೂ ಒಬ್ಬೊಬ್ಬ ಹೆಂಗಸಿನ ಅಳತೆ. ಮೊದಲ ಗಂಟು ಎದೆ, ಎರಡನೆಯದು ಬೆನ್ನು, ಮೂರನೆಯದು ತೋಳು. ಹಂಪಿಗೆ ಕೊಟ್ಟ ಹೆಣ್ಣುಮಕ್ಕಳು, ಹೊಳೆ ದಾಟಿ ನಿಜಾಮರ ಸೀಮೆಯಿಂದ ಬರುವವರು, ಎಲ್ಲರ ದಾರವೂ ಅಲ್ಲಿದೆ. ಮನೆಯವರನ್ನು ಬಿಟ್ಟು ಯಾರಿಗೂ ಹೊಲಿದು ಕೊಡುವುದಿಲ್ಲ ಈ ಗಟ್ಟಿಗಿತ್ತಿ. "ನಿಂದು ನೀನ ಹೊಲ್ಕಾ," ಎಂದು ಕೈಗೆ ಸೂಜಿ ಕೊಡುತ್ತಾರೆ. ಕತ್ತರಿ ಹಿಡಿಯಲು ಅಂಜುವವರಿಗೆ, "ರೊಟ್ಟಿ ಬಡಿಯಾಕ ಬರತೈತಿಲ್ಲೋ? ಇದೂ ಬರತೈತಿ ಕುಂದ್ರು," ಎನ್ನುತ್ತಾರೆ.

ಇಷ್ಟಾದ ಮೇಲೆ ಪದಕ ಬೇರೆಯವರ ಪಾಲಾದದ್ದು ಹೇಗೆ? ಹಂಪಮ್ಮನ ಮಗಳ ಮದುವೆ ಬಂತು. ಹನ್ನೆರಡು ಕುಬುಸ ಬೇಕು, ಕೂತು ಹೊಲಿಯಲು ಪುರುಸೊತ್ತಿಲ್ಲ. ಖಣಗಳನ್ನೆಲ್ಲ ತೋಟಪ್ಪನವರಿಗೆ ಕಳಿಸಿದಳು. ಪದ್ಧತಿಯಂತೆ ಅಳತೆ ಕುಬುಸವೂ ಹೋಯಿತು. ದರ್ಜಿಯ ಕಣ್ಣಿಗೆ ಕಂಕುಳಿನ ತುಂಡು ಬಿತ್ತು. ಆರು ತಿಂಗಳಲ್ಲಿ ಹೊಸಪೇಟೆಯ ಪ್ರದರ್ಶನಕ್ಕೆ 'ತೋಟಪ್ಪ ಕಟ್' ತಯಾರಾಯಿತು. ಮದರಾಸಿನಿಂದ ಬಂದ ಅಧಿಕಾರಿ ಬೆನ್ನು ತಟ್ಟಿದರು. ಈಗ ಹೊಸಪೇಟೆಯ ದರ್ಜಿಗಳೂ ಅದನ್ನೇ ಹೊಲಿಯುತ್ತಾರೆ. ಅದು ನಿಮಗೆಲ್ಲಿ ಸಿಕ್ಕಿತು ಎಂದು ತೋಟಪ್ಪನವರನ್ನು ಒಬ್ಬರೂ ಕೇಳಲಿಲ್ಲ, ಅವರೂ ಬಾಯಿ ಬಿಡಲಿಲ್ಲ.

ಇವತ್ತು ಹೊಸಪೇಟೆಯ ಪ್ರದರ್ಶನದ ಡೇರೆಯಲ್ಲಿ ಮರುಳಸಿದ್ದಮ್ಮ ಗಂಡನ ಜೊತೆ ಮೊದಲು ನಿಲ್ಲುವುದು ದರ್ಜಿ ವಿಭಾಗದ ಮೇಜಿನ ಮುಂದೆ. ಗುಮಾಸ್ತರು ತಲೆಯೆತ್ತದೆ ಕೇಳುತ್ತಾರೆ.

"ಅಂಗಡಿ ಎಲ್ಲೈತ್ರಿ?"

"ಅಂಗಡಿ ಇಲ್ರಿ. ಮನ್ಯಾಗ ಹೊಲಿತೀನಿ. ನನಗ ತೊಡಾಕ."

"ಹಂಗಾರ ನೀವು ದರ್ಜಿ ಅಲ್ಲ. ಮಹಿಳಾ ವಿಭಾಗಕ್ಕ ಹೋಗ್ರಿ."

ಮಹಿಳಾ ವಿಭಾಗದ ಮೇಜಿನ ಮೇಲೆ ಮಣಿಯ ಗಿಳಿಗಳಿವೆ, ರೇಷ್ಮೆ ದಾರದ ಗುಲಾಬಿಗಳಿವೆ, 'ವೆಲ್‌ಕಂ' ಎಂದು ಕಸೂತಿ ತೆಗೆದ ದಿಂಬುಗಳಿವೆ. ಅಲ್ಲಿ ಕೂತ ದೊಡ್ಡ ಮನೆಯ ಹೆಣ್ಣುಮಗಳು ಕುಬುಸವನ್ನು ತಿರುಗಿಸಿ ನೋಡುತ್ತಾರೆ.

"ಹೊಲಿಗಿ ಚಂದ ಐತಿ. ಹೂವ ಎಲ್ಲಿ?"

"ಹೂವ ಇಲ್ರಿ. ಇದು ದಿನಾ ತೊಡೂದು."

"ದಿನಾ ತೊಡೂದು ಇಲ್ಲಿ ತಗಳಂಗಿಲ್ಲಮ್ಮ. ದರ್ಜಿ ವಿಭಾಗಕ್ಕ ಕೊಡ್ರಿ."

ಆ ಮೇಜಿನಿಂದ ಈ ಮೇಜಿಗೆ, ಈ ಮೇಜಿನಿಂದ ಆ ಮೇಜಿಗೆ ಮೂರು ಸಲ ಅಲೆದದ್ದಾಗುತ್ತದೆ. ಇದಕ್ಕೆ ಏನನ್ನಬೇಕು? ಮಣಿಯ ಗಿಳಿಯನ್ನು ತೊಟ್ಟು ಯಾವ ಹೆಂಗಸು ನೀರು ಹೊತ್ತಿದ್ದಾಳೆ? ಕಾಲ ಕಳೆಯಲು ಮಾಡಿದ ಗುಲಾಬಿಗೆ ಜಾಗ ಉಂಟು, ಅಂಗಡಿ ಇಟ್ಟವರ ಕದ್ದ ಮಾಲಿಗೆ ಪದಕ ಉಂಟು, ತನ್ನ ಮೈಗೆ ತಾನು ಹೊಲಿದುಕೊಂಡ ಬಟ್ಟೆಗೆ ಮಾತ್ರ ಆ ಇಡೀ ಡೇರೆಯಲ್ಲಿ ಒಂದು ಮೊಳ ಜಾಗವಿಲ್ಲ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಕೊಟ್ರಬಸಪ್ಪ ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದಾರೆ. ಅವರು ತೊಟ್ಟ ಅಂಗಿಯೂ ಹೆಂಡತಿ ಹೊಲಿದದ್ದೇ. "ಬಾ, ಹೋಗಾಣ. ಮಂದಿ ನೋಡಾಕತ್ತಾರ," ಎಂಬುದಷ್ಟೇ ಅವರ ಬಾಯಿಂದ ಹೊರಡುತ್ತದೆ.

ಹೊರಡುವ ದಾರಿಯಲ್ಲಿ ಹೋದ ವರ್ಷದ ಪದಕ ಪಡೆದ ಕುಬುಸವನ್ನು ಕೋಲಿಗೆ ತೊಡಿಸಿ ನಿಲ್ಲಿಸಿದ್ದಾರೆ. ಮರುಳಸಿದ್ದಮ್ಮ ಅದನ್ನು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು. ತೋಳೆತ್ತಿ ಕಂಕುಳು ನೋಡುತ್ತಾರೆ. ತುಂಡು ಓರೆಯಾಗಿಲ್ಲ. ನೆಟ್ಟಗಿದೆ. ಮೂಲೆಯಲ್ಲೊಂದು ಸಣ್ಣ ನೆರಿಗೆಯೂ ಇದೆ, ಹನ್ನೊಂದು ವರ್ಷದ ಹಿಂದೆ ತಾವೇ ತಿಳಿಯದೆ ಹಾಕಿದ, ಹಂಪಮ್ಮನೂ ನೋಡಿ ಕಲಿತ ನೆರಿಗೆ. ಹಂಪಮ್ಮ ಅಳತೆಗೆ ಕಳಿಸಿದ್ದು ಯಾವುದನ್ನು ಎಂಬುದು ಆಗ ಹೊಳೆಯುತ್ತದೆ. ತೊಡುವುದನ್ನು ಯಾರು ಅಳತೆಗೆ ಕಳಿಸುತ್ತಾರೆ? ಕೊರೆಯುತ್ತದೆಂದು ಮೂಲೆಗೆಸೆದ ಹಳೆಯದನ್ನೇ ಕಳಿಸಿದ್ದಳು. ಬೆಳ್ಳಿ ಪದಕ ಬಂದದ್ದು ಮರುಳಸಿದ್ದಮ್ಮನವರ ತಪ್ಪಿಗೆ.

ಕಂಪ್ಲಿಯ ಮನೆ ಮುಟ್ಟಿದ ಮೇಲೆ ಅವರದು ಒಂದೇ ಮಾತು: "ಊರ ತುಂಬ ಹೆಂಗಸ್ರ ಕಂಕಳ ನನ್ನ ತಪ್ಪಿನಿಂದ ಉರಿಯಾಕತ್ಯಾವಲ್ರಿ. ಅದಕ್ಕ ಹೊಟ್ಟಿ ಉರಿತೈತಿ."

ಎಂಟು ದಿನದ ಮೇಲೆ, ಬೆಳಗಿನ ಅದೇ ಹೊತ್ತಿನಲ್ಲಿ, ಹಿತ್ತಲ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಲ್ಲುತ್ತಾಳೆ. ಸೆರಗಿನೊಳಗೆ ಖಣ ಮುಚ್ಚಿಟ್ಟುಕೊಂಡಿದ್ದಾಳೆ. ಬಂದವಳು ಪಂಪಮ್ಮ, ದರ್ಜಿ ತೋಟಪ್ಪನವರ ಹೆಂಡತಿ.

"ಅಕ್ಕಾರ, ಮನ್ಯಾಗ ಪದಕ ಐತಿ, ಮೈಮ್ಯಾಗ ಗಾಯ ಐತಿ," ಎಂದು ತೋಳೆತ್ತಿ ತೋರಿಸುತ್ತಾಳೆ. ಕಂಕುಳು ಕೆಂಪಗೆ ಬಾತುಕೊಂಡಿದೆ. "ಅವ್ರಿಗೆ ಹೇಳಿದ್ರ, ಮದರಾಸಿನ ಸಾಹೇಬ್ರು ಒಪ್ಯಾರ, ನಿಂದೇನು ಅಂತಾರ್ರಿ."

ಮರುಳಸಿದ್ದಮ್ಮ ಗೇಲಿ ಮಾಡುವುದಿಲ್ಲ, ಹಳೆಯದನ್ನು ಕೆದಕುವುದೂ ಇಲ್ಲ. ಬೇವಿನೆಣ್ಣೆ ತಂದು ಹಚ್ಚುತ್ತಾರೆ. ಆಮೇಲೆ ಕೈಗೊಂದು ಜಾಲಿಮುಳ್ಳು ಕೊಟ್ಟು, "ಮದ್ಲು ಆ ತುಂಡಿನ ಹೊಲಿಗಿ ಬಿಚ್ಚು," ಎನ್ನುತ್ತಾರೆ. ನಲವತ್ತನಾಲ್ಕನೆಯ ದಾರಕ್ಕೆ ಗಂಟು ಬೀಳುತ್ತದೆ. ದರ್ಜಿಯ ಹೆಂಡತಿ ಹುಟ್ಟಿದಾಗಿನಿಂದ ಮೊದಲ ಸಲ ತನ್ನ ಬಟ್ಟೆಯನ್ನು ತಾನೇ ಕತ್ತರಿಸುತ್ತಾಳೆ, ಓರೆಯಾಗಿ, ಮೂಲೆಯಿಂದ ಮೂಲೆಗೆ. ನಾಲ್ಕನೆಯ ಬೆಳಿಗ್ಗೆ ಅದನ್ನು ತೊಟ್ಟು ಎರಡೂ ಕೈ ಎತ್ತುತ್ತಾಳೆ. ಇಳಿಸದೆ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಾಳೆ.

ಅವಳು ಹೊರಡುವಾಗ ಮರುಳಸಿದ್ದಮ್ಮ ಒಳಗೆ ಹೋಗಿ ಹಸಿರು ಖಣದ ಕುಬುಸವನ್ನು ತರುತ್ತಾರೆ. ಎರಡು ಮೇಜುಗಳಿಂದ ತಳ್ಳಿಸಿಕೊಂಡು ಬಂದ ಅದೇ ಕುಬುಸ. ದರ್ಜಿಯ ಕಣ್ಣಿಗೆ ಇನ್ನೂ ಬೀಳದ ಓರೆ ತುಂಡು ಅದರಲ್ಲಿದೆ, ಇದು ನನ್ನದು ಎಂದು ಮುಂದಿನ ವರ್ಷ ಹೇಳಲು ಉಳಿದಿದ್ದ ಸಾಕ್ಷಿ ಅದೇ.

"ನಿಮ್ಮ ಅಂಗಡ್ಯಾಗ ಅಳತಿ ಕುಬುಸದ ಗಂಟು ಇರತೈತಲ್ಲ, ಅದ್ರಾಗ ಇದನ್ನ ಸೇರಿಸಿಬಿಡು. ಯಾರದು ಅಂತ ಹೇಳಬ್ಯಾಡ."

ಪಂಪಮ್ಮ ಗಾಬರಿಯಾಗುತ್ತಾಳೆ. "ಅವ್ರು ಇದನ್ನೂ ತಮ್ಮದು ಅಂತಾರ್ರಿ ಅಕ್ಕಾರ. ಇನ್ನೊಂದು ಪದಕ ತರ್ತಾರ."

"ತರ್ಲಿ," ಎಂದು ಮರುಳಸಿದ್ದಮ್ಮ ಕುಬುಸವನ್ನು ಮಡಚಿ ಅವಳ ಸೆರಗಿನೊಳಗೆ ತುರುಕುತ್ತಾರೆ. ಮತ್ತೆ ಹೊಸ್ತಿಲ ಪಕ್ಕ ಕುಳಿತು ಸೂಜಿಗೆ ದಾರ ಪೋಣಿಸುತ್ತಾರೆ. "ಹೋದ ಸಲ ನನ್ನ ತಪ್ಪು ಕದ್ರು. ಈ ಸಲ ಸರಿ ಇದ್ದದ್ದನ್ನರ ಕದೀಲಿ."