ನಿಧಾನಪ್ಪನ ಸಾಕ್ಷಿ

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಆಮೆಯ ಹಾಗೆ ಓಡಿಸಿದ ಅವನ ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಸ್ಟ್ಯಾಂಡಿನ ಗೆಳೆಯನೊಬ್ಬ ಮಾಡದ ತಪ್ಪಿಗೆ ಲೈಸೆನ್ಸ್ ಕಳೆದುಕೊಂಡ ಮೇಲೆ ಹೆಂಡತಿ ಹಟ ಹಿಡಿದಳು. "ಕಾರಿಗೊಂದು ಕ್ಯಾಮೆರಾ ಹಾಕಿಸ್ರೀ. ಬಾಯಿ ಮಾತನ್ನ ಯಾರು ನಂಬ್ತಾರೆ?"

ಅಂಗಡಿಯಲ್ಲಿ ಅವನು ಎಲ್ಲಕ್ಕಿಂತ ಅಗ್ಗದ್ದಕ್ಕೆ ಕೈ ಹಾಕಿದ.

"ಚಿತ್ರ ಚೆನ್ನಾಗೇ ಬರುತ್ತೆ ಅಣ್ಣ," ಎಂದ ಅಂಗಡಿಯವನು. "ಆದ್ರೆ ವಯರ್ ಕಿತ್ರೆ ತಾರೀಖು ಮರೆತುಬಿಡುತ್ತೆ. ಪ್ರತಿ ಸಲ ನೀವೇ ಹಾಕ್ಬೇಕು."

"ತಾರೀಖು ಯಾರಿಗೆ ಬೇಕಪ್ಪ? ರಸ್ತೆ ಕಂಡ್ರೆ ಸಾಕು."

ಗಾಡಿ ನಿಲ್ಲಿಸಿದಾಗಲೆಲ್ಲ, ಬ್ಯಾಟರಿ ಉಳಿಯಲೆಂದು, ವಯರು ಕಿತ್ತಿಡುವುದು ಅವನ ಹಳೇ ಚಾಳಿ. ಕ್ಯಾಮೆರಾದ ವಯರಿಗೂ ಅದು ಬಿಡಲಿಲ್ಲ, ತಾರೀಖು ಹಾಕುವ ಗೋಜಿಗೂ ಅವನು ಹೋಗಲಿಲ್ಲ.

ಇಂದು ಠಾಣೆಯ ಮೇಜಿನ ಮೇಲೆ ಆ ಕ್ಯಾಮೆರಾ ಹಿಡಿದ ನಿನ್ನೆಯ ಚಿತ್ರ ಓಡುತ್ತಿತ್ತು. ಅವನಿಗೆ ಹಸಿರು ದೀಪವಿದೆ, ಕಾರು ನಿಧಾನವಾಗಿಯೇ ಹೋಗುತ್ತಿದೆ, ಅಡ್ಡರಸ್ತೆಯಿಂದ ಸ್ಕೂಟರೊಂದು ಬಾಣದಂತೆ ನುಗ್ಗುತ್ತದೆ. ಸವಾರ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದ.

ಇನ್‌ಸ್ಪೆಕ್ಟರು ಪರದೆಯ ಮೂಲೆಗೆ ಬೆರಳಿಟ್ಟರು. "ಜನವರಿ ಒಂದು. ಅದೂ ಆರು ವರ್ಷದ ಹಿಂದಿನದು. ಸ್ಕೂಟರ್ ನಂಬರೂ ಮಬ್ಬು. ನಾನೇನೋ ನಂಬ್ತೀನಿ ಯಜಮಾನ್ರೇ, ಸತ್ತವನ ಕಡೆ ವಕೀಲರು ನಂಬ್ತಾರಾ?"

ನಿಧಾನಪ್ಪ ಎದ್ದು ಹೊರಗೆ ಬಂದ. ಠಾಣೆಯ ಅಂಗಳದಲ್ಲಿ, ಮೂತಿ ಜಜ್ಜಿಹೋದ ತನ್ನ ಕಾರಿನಲ್ಲಿ ಕೂತು, ಈಗಲಾದರೂ ತಾರೀಖು ಹಾಕೋಣವೆಂದು ವಯರು ಚುಚ್ಚಿದ. ಪರದೆ ಬೆಳಗಿತು. ಮತ್ತೆ ಅದೇ ಜನವರಿ ಒಂದು. ಆ ಯಂತ್ರದ ಪಾಲಿಗೆ ಇನ್ನೂ ಯಾರೂ ಸತ್ತಿರಲಿಲ್ಲ.