ಪದದ ಕೊನೆಯಲ್ಲಿದ್ದ ಹೆಸರು

ಚೌಡಕಿಯೆಂಬ ತಂತಿವಾದ್ಯ ನುಡಿಸುತ್ತ ಎಲ್ಲಮ್ಮ ದೇವಿಯ ಮೇಲೆ ಹಾಡುವ ಚೌಡಕಿ ಪದದ ಒಳಮರ್ಮ ಬಲ್ಲವರು ಬರೆಯಬೇಕಾದ ಸಂಗತಿಯಿದು. ಅವರಾರೂ ಬರೆಯದಿರುವುದರಿಂದ ಇಲ್ಲಿ ಧೈರ್ಯ ಮಾಡಲಾಗಿದೆ. ತಪ್ಪು ಕಂಡರೆ ತಿಳಿದವರು ಮನ್ನಿಸಬೇಕು.

ಯರಗಟ್ಟಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಿಜಗುಣಪ್ಪ ಹಾಡು ಮುದ್ರಿಸುವ ತಮ್ಮ ಅಂಗಡಿಯ ಶಟರ್ ಕೆಳಗೆಳೆದು, ಸದ್ದು ತಡೆಯಲು ಒಳಗೋಡೆಗೆ ಕೌದಿಗಳನ್ನು ಇಳಿಬಿಡುತ್ತಾರೆ. ಬೆಳಗಾವಿ ರಸ್ತೆಯಲ್ಲಿ ಹಾರ್ನ್ ಶುರುವಾಗುವ ಮುನ್ನ ಧ್ವನಿಮುದ್ರಣ ಮುಗಿಯಬೇಕು.

"ಫ್ಯಾನ್ ಬಂದ್ ಮಾಡೇನಿ. ಶೆಕಿ ಆದ್ರ ತಡ್ಕೋಬೇಕ ಯವ್ವಾ."

ಎದುರಿಗೆ ಕುಳಿತ ಉಗರಗೋಳದ ಹಾಡುಗಾರ್ತಿ ಕೆಂಚವ್ವ ಚೌಡಕಿಯ ತಂತಿ ಬಿಗಿಯುತ್ತ ನಗುತ್ತಾರೆ: "ಬಿಸಲಾಗ ಎಲ್ಲಮ್ಮನ ಗುಡ್ಡ ಹತ್ತಿ ಹಾಡಿದಾಕಿಗೆ ನಿನ್ನ ಶೆಕಿ ಏನ ಮಾಡತೈತೋ ತಮ್ಮಾ?"

ಒಂದು ಕಾಲಕ್ಕೆ ಈ ಅಂಗಡಿಯ ಕ್ಯಾಸೆಟ್ಟುಗಳು ಸವದತ್ತಿ, ರಾಮದುರ್ಗದ ಸಂತೆಗಳಿಗೆಲ್ಲ ಹೋಗುತ್ತಿದ್ದವು. ಆಮೇಲೆ ಸಿಡಿ, ಮೆಮೊರಿ ಕಾರ್ಡ್. ಈಗ ಪದ ನೇರವಾಗಿ ಯೂಟ್ಯೂಬಿಗೆ ಏರಿ, ಅಲ್ಲಿಂದ ಮೊಬೈಲಿಗೆ ಮೊಬೈಲು ಹರಿದಾಡುತ್ತದೆ.

ಪದ ಕಟ್ಟಿದವರ ಊರು, ಹೆಸರು ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಬರುವುದು ಇಲ್ಲಿನವರ ರೂಢಿ. ಅದನ್ನೇ ನಂಬಿ ನಿಜಗುಣಪ್ಪ ಹಿಂದೊಮ್ಮೆ ಕೆಂಚವ್ವ ಕಟ್ಟಿ ಹಾಡಿದ ಪದವನ್ನು 'ಎಲ್ಲಮ್ಮನ ಪದ' ಎಂದಷ್ಟೇ ಬರೆದು ಏರಿಸಿದ್ದರು. "ಪದದಾಗ ಹೆಸರ ಐತೆಲ್ಲ, ಮ್ಯಾಲ ಮತ್ತ್ಯಾಕ ಬರೀಬೇಕು ಅಂದೆ. ಮಂದಿ ಮೊದಲಿನ ತುಣುಕಷ್ಟ ಕತ್ತರಿಸಿ ಹಂಚಿದ್ರು. ಕೊನಿ ಮಟಾ ಕೇಳೂ ತಾಳ್ಮಿ ಯಾರಿಗೈತ್ರಿ?"

ಆ ತುಣುಕನ್ನು ಮೆಚ್ಚಿದ ರಾಮದುರ್ಗದ ಕಡೆಯವರು, ಹಾಡಿದವರು ಯಾರೆಂದು ತಿಳಿಯದೆ, ದೇವಿಯ ಕಾರ್ಯಕ್ಕೆ ಬೇರೊಂದು ಮೇಳವನ್ನು ಕರೆಸಿದರು. ಆ ಮೇಳ ಹಾಡಿದ್ದು ಕೆಂಚವ್ವನ ಪದವನ್ನೇ. ಹಾಡುವುದೇ ಬದುಕಾದ ಕೆಂಚವ್ವನಿಗೆ ಕರೆಯೇ ಬರಲಿಲ್ಲ.

ಇಂದು ಅದೇ ಪದದ ಹೊಸ ಮುದ್ರಣ. ಹೆಸರು ಮೊದಲ ನುಡಿಯಲ್ಲೇ ಬರಲಿ ಎಂಬುದು ನಿಜಗುಣಪ್ಪನವರ ಹಟ.

"ಎಲ್ಲಮ್ಮ ತಾಯಿ ಹೆಸರಕಿಂತ ಮೊದಲ ನನ್ನ ಹೆಸರಾ? ತಲಿ ನೆಟ್ಟಗೈತಿಲ್ಲೋ?" ಕೆಂಚವ್ವ ರೇಗುತ್ತಾರೆ.

"ಹಿಂದಿಟ್ರ ನಿನ್ನ ಕತ್ತರಿಸಿ ಒಗೀತಾರ, ಯವ್ವಾ."

"ಒಗೀಲಿ. ಆಕಿ ಮುಂದ ನಾ ಕುಂದ್ರಾಂಗಿಲ್ಲ."

ನಿಜಗುಣಪ್ಪ ಮುದ್ರಣವೇ ಬೇಡವೆಂಬಂತೆ ಮೈಕಿನ ವೈರು ಸುತ್ತತೊಡಗುತ್ತಾರೆ. ಅದನ್ನು ನೋಡಿ ಕೆಂಚವ್ವ ತಂತಿ ಮೀಟುತ್ತಾರೆ. "ಪಲ್ಲಕ್ಕ ಹಾಕೂಣೇನು? ಆಕಿ ಹೆಸರ ಮೊದಲ, ಬೆನ್ನಿಗೆ ನಂದು. ಹೆಂಗ ಕತ್ತರಸ್ತಾರ ನೋಡೂಣು, ಭಾಡ್ಯಾಗೋಳು!"

ಪಲ್ಲವೆಂದರೆ ಪ್ರತಿ ನುಡಿಯ ಬಳಿಕ ಮರಳಿ ಬರುವ ಸಾಲು. ಎಲ್ಲಮ್ಮನ ಹೆಸರಿನ ಹಿಂದೆಯೇ 'ನಿನ್ನ ಮಗಳು ಉಗರಗೋಳದ ಕೆಂಚಿ' ಎಂಬ ಮಾತು ಕೂರುತ್ತದೆ.

"ಪದ ಕೇಳಿದವರು ಕೆಂಚವ್ವನ್ನ ಹಾಡಾಕ ಕರೀಬೇಕ್ರಿ, ಅಷ್ಟ ಸಾಕು," ಎನ್ನುತ್ತಾರೆ ನಿಜಗುಣಪ್ಪ.

ಇದನ್ನು ಬರೆಯುವ ಹೊತ್ತಿಗೆ ಹೊಸ ಪದವನ್ನೂ ಜನ ಕತ್ತರಿಸಿ ಹಂಚುತ್ತಿದ್ದಾರೆ. ತುಣುಕಿನಲ್ಲಿ ಈಗ ಹೆಸರು ಕೇಳಿಸುತ್ತದೆ. ಯಾರಾದರೂ ಉಗರಗೋಳಕ್ಕೆ ಬಂದು ಕೆಂಚವ್ವನ ಮನೆ ಎಲ್ಲಿ ಎಂದು ಕೇಳುತ್ತಾರೋ ಇಲ್ಲವೋ, ಗೊತ್ತಿಲ್ಲ.